ಅಕ್ಕೋರು ತಂದ ನಾಲ್ಕು ಮಣೆ

ಹೋದ ತಿಂಗಳು ಗದಗಿನಲ್ಲಿ ನಮ್ಮ ಅಕ್ಕೋರ ಸಂತಾಪ ಸಭೆ ನಡೆಯಿತು.

ನಡೆಯಿತು ಎಂದು ಬರೆದೆ ನೋಡಿ. ಅವರು ಬದುಕಿದ್ದರೆ ಇಷ್ಟಕ್ಕೇ ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದರು. “ಸಭಾ ತಾನ ಎದ್ದು ನಡದಾಡ್ತೇನಪಾ ತಮ್ಮಾ? ಯಾರು ನಡಿಸಿದ್ರು ಹೇಳು.” ತಿದ್ದುತ್ತೇನೆ. ಅವರ ಕೈಯಲ್ಲಿ ಕಲಿತ ಮೂವರು ಹೆಣ್ಣುಮಕ್ಕಳು ಓಡಾಡಿ ಆ ಸಭೆ ನಡೆಸಿದರು. ವೇದಿಕೆಯ ಮೇಲೆ ಯಾರು ಕೂಡಬೇಕು ಎಂಬುದನ್ನು ಮಾತ್ರ ಶಾಲೆಯ ಸಂಸ್ಥೆಯವರು ಅವರ ಕೈಯಿಂದ ಕಸಿದುಕೊಂಡರು. ಹೀಗಾಗಿ ಅಕ್ಕೋರನ್ನು ಶಾಲೆ ಬಿಡಿಸಿದ ಹೆಡ್‌ಮಾಸ್ತರರೇ ಅವರ ಫೋಟೋದ ಪಕ್ಕ ಕುಳಿತಿದ್ದರು. ಈಗ ನಿವೃತ್ತರು. ಹೆಗಲ ಮೇಲೆ ಶಾಲು. ಆಚೆಗೆ ಸಂಸ್ಥೆಯ ಅಧ್ಯಕ್ಷರು, ಅಂದಿನವರೇ ಇಂದಿಗೂ.

ಹೆಡ್‌ಮಾಸ್ತರರು ಮೈಕ್ ಹಿಡಿದು, ಗಂಟಲು ಸರಿಮಾಡಿಕೊಂಡು, ಪುಸ್ತಕದ ಭಾಷೆಯಲ್ಲಿ ಹೇಳಿದರು: “ಅವರಿಗೆ ನಮ್ಮಲ್ಲಿ ಕೆಲವು ನೋವುಗಳಾದವು. ಆಗಬಾರದಿತ್ತು. ಆಗಿಹೋಯಿತು.”

ಮೂರು ವಾಕ್ಯ. ಮೂರರಲ್ಲಿಯೂ ಮಾಡಿದವನ ಸುಳಿವಿಲ್ಲ. ಆಲಿಕಲ್ಲು ಬಿದ್ದ ಹಾಗೆ ನೋವು ಮೇಲಿನಿಂದ ಬಿದ್ದವಂತೆ, ಅಕ್ಕೋರು ಕೆಳಗೆ ನಿಂತಿದ್ದರಂತೆ. ಸಭೆಯಲ್ಲಿದ್ದವರು ಪಾಪ ಪಾಪ ಎಂದು ತಲೆಯಾಡಿಸಿದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಉರಿಯಲು ಇನ್ನೊಂದು ಕಾರಣವೂ ಇತ್ತು. ಅಂಥ ವಾಕ್ಯ ಕಟ್ಟುವುದನ್ನು ಆ ಮನುಷ್ಯನಿಗೆ ಕಲಿಸಿದವನು ನಾನು. ನಾನು ಆ ಶಾಲೆಯ ಗುಮಾಸ್ತನಾಗಿದ್ದೆ.

ಮುಂಡರಗಿ ಕಡೆಯ ಒಂದು ಊರಿನ ಪ್ರೌಢಶಾಲೆ. ಅಕ್ಕೋರು ಬೆಟಗೇರಿಯವರು, ಕನ್ನಡ ಕಲಿಸಲು ಬಂದವರು. ಮೊದಲ ದಿನ ಅವರು ಬಸ್ಸಿನಿಂದ ಇಳಿದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಗಿಡ್ಡ ಮೈಕಟ್ಟು, ಸೊಂಟಕ್ಕೆ ಬಿಗಿದ ಸೆರಗು, ಬಗಲಲ್ಲಿ ಹುರಿಯಿಂದ ಕಟ್ಟಿದ ನಾಲ್ಕು ಮರದ ಮಣೆ. ಊಟಕ್ಕೆ ಕೂಡಲು ಹಾಕುತ್ತಾರಲ್ಲ, ಅವೇ. ಊರಲ್ಲಿ ಮನೆ ಹಿಡಿದಿರಬೇಕೆಂದು ನಾನು ಕೇಳಿದೆ, “ಸಂಸಾರ ಇಲ್ಲೇ ತಂದ್ರೇನ್ರಿ ಅಕ್ಕೋರ?”

“ಸಂಸಾರ ಅಲ್ಲಪಾ, ವ್ಯಾಕರಣ,” ಅಂದರು.

ಅವರ ತರಗತಿ ನನ್ನ ಕಚೇರಿಯ ಗೋಡೆಯಾಚೆ. ಕಿಟಕಿ ತೆರೆದಿಟ್ಟರೆ ಪಾಠವೆಲ್ಲ ಕೇಳುತ್ತಿತ್ತು. ಕ್ರಿಯಾಪದದ ಪಾಠಕ್ಕೆ ಅವರು ಹಲಗೆಯ ಕಡೆಗೆ ಹೋಗುತ್ತಲೇ ಇರಲಿಲ್ಲ. ನೆಲದ ಮೇಲೆ ಮಣೆ ಹಾಕುತ್ತಿದ್ದರು.

“ಕ್ರಿಯಾಪದ ಅಂದ್ರ ಊಟಕ್ಕ ಕರದ ಮನಿ ಯಜಮಾನ್ತಿ ಇದ್ದಂಗ. ಆಕಿ ಎಷ್ಟು ಮಣಿ ಹಾಕ್ಯಾಳ, ಅಷ್ಟ ಮಂದಿ ಕುಂಡ್ರಬೇಕು. ‘ಅಳು’ ಅನ್ನಾಕಿ ಒಂದ ಮಣಿ ಹಾಕ್ತಾಳ. ‘ಹೊಡಿ’ ಅನ್ನಾಕಿ ಎರಡು. ‘ಕೊಡು’ ಅನ್ನಾಕಿಗೆ ಮೂರು ಬೇಕು. ಕೊಡಾಂವ ಒಬ್ಬ, ಇಸ್ಕೊಳ್ಳಾಂವ ಒಬ್ಬ, ಕೊಟ್ಟ ವಸ್ತು ಒಂದು. ಬರ್ರಿ, ಕುಂಡ್ರಿ.”

ಮಕ್ಕಳು ಬಂದು ಕೂಡುತ್ತಿದ್ದರು. ಒಬ್ಬ ಅಪ್ಪ, ಒಬ್ಬಳು ಮಗಳು, ಒಬ್ಬ ಪಾಟಿ, ಅಂದರೆ ಬರೆಯುವ ಸ್ಲೇಟು. ಪಾಟಿಯಾದವನಿಗೆ ಮಾತಾಡುವ ಹಾಗಿರಲಿಲ್ಲ, ಅದಕ್ಕೇ ತುಂಟರನ್ನೆಲ್ಲ ಪಾಟಿ ಮಾಡುತ್ತಿದ್ದರು. ಆಮೇಲೆ ನಾಲ್ಕನೆಯ ಮಣೆಯನ್ನು ತಂದು ಮೂರರ ಹಿಂದೆ ಇಡುತ್ತಿದ್ದರು.

“ಈಗ ‘ಕೊಡಿಸು’ ಅನ್ನೂಣು. ಪಾಟಿ ಐತಿ, ಅಪ್ಪ ಅದಾನ, ಮಗಳು ಅದಾಳ. ಆದ್ರ ಹಿಂದ ಒಬ್ಬಾಂವ ಬಂದು ಕುಂತ. ಯಾರಂವ?”

ಮಕ್ಕಳು ತಡವರಿಸುತ್ತಿದ್ದರು. ಪಡಸಾಲೆಯಿಂದ ಒಂದು ಹೆಣ್ಣುದನಿ ಉತ್ತರ ಕೊಡುತ್ತಿತ್ತು. “ಮಾಡ್ಸಾಂವ್ರಿ ಅಕ್ಕೋರ! ತಾನು ಕೈ ಹಚ್ಚೂದಿಲ್ಲ!”

ಆ ದನಿ ಫಕೀರವ್ವನದು. ಬಿಸಿಯೂಟದ ಅಡುಗೆಯಾಕೆ, ಶಿರಹಟ್ಟಿ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದಾಕೆ. ತರಗತಿಯ ಬಾಗಿಲ ಹತ್ತಿರವೇ ಕುಳಿತು ಅಕ್ಕಿ ಆರಿಸುತ್ತಿದ್ದಳು. ಓದು ಬರಹ ಬಾರದು, ಆದರೆ ಮಕ್ಕಳಿಗಿಂತ ಮೊದಲು ಉತ್ತರ ಅವಳ ಬಾಯಲ್ಲಿ.

“ಕೇಳಿದ್ರಿಲ್ಲೋ? ಒಂಬತ್ತನೇ ಕ್ಲಾಸಿನವರು ನೀವು, ಪಾಸಾದಾಕಿ ಆಕಿ,” ಎಂದು ಅಕ್ಕೋರು ಆ ನಾಲ್ಕನೆಯ ಮಣೆಯನ್ನು ಅಂಗೈಯಿಂದ ಪಟಪಟ ಬಡಿಯುತ್ತಿದ್ದರು. “ಯಾವ ವಾಕ್ಯ ಓದಿದ್ರೂ ಈ ಹಿಂದಿನ ಮಣಿ ಮೊದಲ ನೋಡ್ರಿ. ಬಹಳಷ್ಟು ಸಲ ಇದರ ಮ್ಯಾಲೆ ಕುಂತಾಂವ ಕಾಣಸೂದಿಲ್ಲ.”

ಇನ್ನೊಂದು ದಿನದ ಪಾಠ ‘ಹತ್ತು’. ಒಂದೇ ಮಾತು, ಪಕ್ಕದಲ್ಲಿ ಯಾರನ್ನು ಕೂಡಿಸುತ್ತೀರೋ ಹಾಗೆ ಅದರ ಗುಣ ಬದಲಾಗುತ್ತದೆ ಎಂದು ತೋರಿಸಿದರು. ಹುಡುಗಿ ಗಿಡ ಹತ್ತಿದಳು. ಹುಲ್ಲಿಗೆ ಬೆಂಕಿ ಹತ್ತಿತು. ಕೂಸಿಗೆ ನಿದ್ದೆ ಹತ್ತಿತು. ಅನ್ನ ತಳ ಹತ್ತಿತು. “ಹುಡುಗಿ ಏರಿದ್ಲು, ಬೆಂಕಿ ಉರೀತು, ಕೂಸು ಮಲಗಿತು, ಅನ್ನ ಕರಕಾತು. ಎಲ್ಲಾ ‘ಹತ್ತು’ನ. ಮಾತು ಅಂಬೂದು ಒಬ್ಬಾಕಿನ ಅಲ್ಲಪಾ. ಆಕಿ ಮಗ್ಗಲ ಯಾರು ಕುಂತಾರ, ಹೆಂಗ ಕುಂತಾರ, ಅದರ ಮ್ಯಾಲೆ ಆಕಿ ಅರ್ಥ.” ನಾನು ಕಚೇರಿಯಲ್ಲಿ ಕುಳಿತು ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುವುದನ್ನು ಮರೆತಿದ್ದೆ. ಹುಟ್ಟಿದಾಗಿನಿಂದ ಆಡುತ್ತ ಬಂದ ಮಾತು, ಅದರ ಒಳಮನೆ ಹೀಗಿದೆ ಎಂದು ಯಾರೂ ಬಾಗಿಲು ತೆರೆದು ತೋರಿಸಿರಲಿಲ್ಲ.

ಅಲ್ಲ, ಒಬ್ಬರು ತೋರಿಸಿದ್ದರು. ಬಾಳೆಹೊಸೂರಿನಲ್ಲಿ ನನ್ನ ಅಜ್ಜಿ. ನನ್ನ ಭಾಷೆಯೆಲ್ಲ ಅವಳ ಕಟ್ಟೆಯ ಮೇಲೆ ಕಲಿತದ್ದು. ಸಣ್ಣವನಿದ್ದಾಗ ನೀರಿನ ಗಡಿಗೆ ಒಡೆದು, ಮೆಲ್ಲಗೆ ಹೋಗಿ ಹೇಳಿದ್ದೆ, “ಅಜ್ಜೀ, ಗಡಿಗಿ ಒಡೀತು.” ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಕೈ ನಿಲ್ಲಿಸಲಿಲ್ಲ. “ಒಡೀತೋ, ಒಡದ್ಯೋ?” ನಾನು ಒದ್ದೆ ಕೈ ಬೆನ್ನ ಹಿಂದೆ ಇಟ್ಟುಕೊಂಡೆ. “ಒಡದೆ ಅಂತ ಹೇಳು, ರೊಟ್ಟಿ ಕೊಡ್ತೀನಿ. ಒಡೀತು ಅಂದ್ರ ಗಡಿಗೀನ ಕೇಳಿ ಉಣ್ಣು.” ಈ ಕಥೆ ಹೇಳಿದಾಗ ಅಕ್ಕೋರು ಬಿದ್ದು ಬಿದ್ದು ನಕ್ಕರು. “ನಿಮ್ಮಜ್ಜಿ ಮುಂದ ನಾ ಏನೂ ಅಲ್ಲಪಾ ತಮ್ಮಾ. ಅಂಥಾಕಿ ಮೊಮ್ಮಗ ಆಗಿ ನೀ ಇದೆಂಥಾ ಭಾಷಾ ಬರೀತಿ?”

ನಾನು ಬರೆಯುತ್ತಿದ್ದದ್ದು ಕಚೇರಿಯ ಭಾಷೆ. ಸುಳ್ಳು ಯಾಕೆ ಹೇಳಲಿ, ಅದರ ಮೇಲೆ ನನಗೆ ಬಹಳ ಜಂಬ ಇತ್ತು. ಕ್ರಮ ಕೈಗೊಳ್ಳಲಾಗಿದೆ, ಗಮನಕ್ಕೆ ತರಲಾಯಿತು, ಮುಂದೂಡಲ್ಪಟ್ಟಿದೆ. ಲಕ್ಷ್ಮೇಶ್ವರದ ಶಾಲೆಗಳ ಗುಮಾಸ್ತರು ಕೂಡ ತಮ್ಮ ಕರಡು ತಂದು ನನ್ನ ಕೈಯಿಂದ ತಿದ್ದಿಸಿಕೊಂಡು ಹೋಗುತ್ತಿದ್ದರು. ಯಾರನ್ನೂ ಎಲ್ಲಿಯೂ ಸಿಕ್ಕಿಸದೆ ಒಂದು ಪುಟ ತುಂಬಿಸುವವನು ಜಾಣ ಎಂದೇ ನಾನು ತಿಳಿದಿದ್ದೆ.

ಅಕ್ಕೋರಿಗೆ ತರಗತಿಯ ಹೊರಗೂ ಒಳಗೂ ವ್ಯತ್ಯಾಸ ಇರಲಿಲ್ಲ. ದಿನಾ ಬೆಟಗೇರಿಯಿಂದ ಬಸ್ಸಿನಲ್ಲಿ ಬರುವವರು. ಒಮ್ಮೆ ಹೊಸ ಕಂಡಕ್ಟರ್ ನಮ್ಮ ನಿಲ್ದಾಣದಲ್ಲಿ, “ಬಸ್ ಇಲ್ಲಿ ನಿಲ್ಲೂದಿಲ್ರಿ,” ಅಂದ.

“ಬಸ್ಸಿಗೇನು ನನ್ನ ಮ್ಯಾಲೆ ಸಿಟ್ಟೈತೇನು?”

“ಹಂಗಲ್ರಿ, ನಿಲ್ಲೂದಿಲ್ಲ ಅಷ್ಟ.”

“ನಾ ನಿಲ್ಸೂದಿಲ್ಲ ಅನ್ನು. ಒಮ್ಮೆ ಬಾಯಿ ತುಂಬ ಅನ್ನು, ಮುಂದಿನ ಊರಿಗೆ ಇಳಿದು ನಡಕೊಂತ ಬರ್ತೀನಿ.”

ಅವನು ಗಂಟೆ ಎಳೆದ. “ಇಳೀರಿ ನಮ್ಮವ್ವ, ಮುಂಜಮುಂಜಾನೆ ಇದೆಂಥಾ ಪರೀಕ್ಷಾ!”

ಅವರ ಸಿಟ್ಟು ಮಾತ್ರ ನಗೆಯ ಸಿಟ್ಟಲ್ಲ. ಒಮ್ಮೆ ಹರ್ತಿಯಿಂದ ಬಂದು ನಮ್ಮೂರ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದ ಹುಡುಗಿ ಅಳುತ್ತ ನಿಂತಿದ್ದಳು. ಏನಾಯಿತೆಂದು ಕೇಳಿದರೆ, “ಅವರು ನಗಾಕ ಹತ್ಯಾರ್ರಿ,” ಅಂದಳು. ಅಕ್ಕೋರು ಕೇಳಿದರು, “ಬರೇ ನಗಾಕ ಹತ್ಯಾರೋ, ನಿನಗ ನಗಾಕ ಹತ್ಯಾರೋ?” ಹುಡುಗಿ, “ನನಗ ನಗಾಕ ಹತ್ಯಾರ್ರಿ.” ಅಕ್ಕೋರು ಎರಡು ಮಣೆ ಹಾಕಿದರು. ಒಂದರ ಮೇಲೆ ನಗುತ್ತಿದ್ದವರಲ್ಲಿ ಒಬ್ಬಳನ್ನು, ಎದುರಿಗೆ ಅಳುತ್ತಿದ್ದವಳನ್ನು ಕೂಡಿಸಿದರು. “ಒಬ್ಬಾಕಿನ ಕುಂತು ನಕ್ರ ಅದು ಸುಖ. ಎದುರಿಗೆ ಒಬ್ಬಾಕಿನ್ನ ಕುಂಡ್ರಿಸಿ ಆಕಿಗೆ ನಕ್ರ, ಅದ ನಗು ಕಲ್ಲಾಕ್ಕೈತಿ. ಈಗ ಆಕಿ ಮುಖ ನೋಡಿ ನಗು.” ನಗುತ್ತಿದ್ದವಳಿಗೆ ನಗಲಾಗಲಿಲ್ಲ. ಆ ಇಬ್ಬರಲ್ಲಿ ಒಬ್ಬಳು ಹೋದ ತಿಂಗಳ ಸಭೆ ನಡೆಸಿದವರಲ್ಲಿ ಇದ್ದಳು. ಯಾವಳು ಎಂದು ಹೇಳುವುದಿಲ್ಲ.

ಈಗ ನಾನು ಹೇಳಲೇಬೇಕಾದದ್ದಕ್ಕೆ ಬರುತ್ತೇನೆ.

ಆ ವರ್ಷ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಕಿತ್ತ ಮೇಲೆ ಮಳೆ ಹಿಡಿಯಿತು. ಅಧ್ಯಕ್ಷರ ಮನೆಯಲ್ಲಿ ಚೀಲ ಇಡಲು ಒಣ ಜಾಗ ಸಾಲಲಿಲ್ಲ. ಶಾಲೆಯ ಅಡುಗೆ ಕೋಣೆ ಒಣಗಿತ್ತು. ಆಳುಗಳು ಬಂದು ನೆಲದಿಂದ ಕಿಟಕಿಯವರೆಗೆ ಚೀಲ ಒಟ್ಟಿ ಹೋದರು. ಫಕೀರವ್ವ ಪಡಸಾಲೆಯಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡತೊಡಗಿದಳು. ಆ ತಿಂಗಳು ಬಿಸಿಯೂಟದ ಉಸ್ತುವಾರಿ ಅಕ್ಕೋರದು. ಎರಡು ಸಲ ಹೆಡ್‌ಮಾಸ್ತರರಿಗೆ ಬರೆದುಕೊಟ್ಟರು, ಚೀಲ ತೆಗೆಸಿರಿ, ಪಡಸಾಲೆಯ ನೆಲ ಇಳಿಜಾರಿದೆ. ಎರಡು ಸಲವೂ, “ನೋಡೂಣ್ರಿ.”

ಒಂದು ಮಧ್ಯಾಹ್ನ, ಮಕ್ಕಳು ಊಟಕ್ಕೆ ಬರುವ ಮೊದಲೇ, ಒಲೆಯ ಕಲ್ಲು ಜರುಗಿ ಸಾರಿನ ಪಾತ್ರೆ ಉರುಳಿತು. ಫಕೀರವ್ವನ ಎರಡೂ ಪಾದ ಸುಟ್ಟವು. ಅವಳ ಕೂಗು ಕೇಳಿ ನಾನೇ ಓಡಿದೆ. ಅಕ್ಕೋರು ನನಗಿಂತ ಮೊದಲು ಮುಟ್ಟಿ, ತಂಬಿಗೆ ತಂಬಿಗೆ ತಣ್ಣೀರು ಅವಳ ಪಾದದ ಮೇಲೆ ಸುರಿಯುತ್ತಿದ್ದರು.

ಮರುದಿನ ಮೇಲಿನ ಕಚೇರಿಗೆ ವರದಿ ಕಳಿಸಬೇಕಿತ್ತು. ಹೆಡ್‌ಮಾಸ್ತರರು ನನ್ನನ್ನು ಕರೆದು, “ಸಂಸ್ಥಾಕ್ಕ ತ್ರಾಸ ಆಗದಂಗ ಬರದು ತಾರಪಾ,” ಅಂದರು. ಅಷ್ಟೇ. ಹೀಗೇ ಬರಿ ಎಂದು ಯಾರೂ ಒಂದಕ್ಷರ ಹೇಳಿಕೊಡಲಿಲ್ಲ. ಉಳಿದದ್ದೆಲ್ಲ ನನ್ನ ಕೈಚಳಕ. ಬರೆದೆ: “ಅಡುಗೆ ಕೋಣೆಯಲ್ಲಿ ಸ್ಥಳಾವಕಾಶದ ಕೊರತೆ ಉಂಟಾದ ಕಾರಣ ಅಡುಗೆಯನ್ನು ತಾತ್ಕಾಲಿಕವಾಗಿ ಪಡಸಾಲೆಗೆ ಸ್ಥಳಾಂತರಿಸಲಾಗಿತ್ತು. ಸದರಿ ಅಡುಗೆಯವರು ಅಜಾಗರೂಕತೆಯಿಂದ ಪಾತ್ರೆಯನ್ನು ಉರುಳಿಸಿ ತಮ್ಮ ಪಾದಗಳನ್ನು ಸುಟ್ಟುಕೊಂಡಿರುತ್ತಾರೆ.” ಬರೆದು ಮುಗಿಸಿ, ದೇವರಾಣೆ, ಒಮ್ಮೆ ಓದಿ ಖುಷಿಪಟ್ಟೆ. ಎಷ್ಟು ನುಣುಪಾಗಿ ಬಂದಿದೆ ಎಂದು.

ಉಸ್ತುವಾರಿಯವರ ಸಹಿ ಬೇಕಿತ್ತು. ಅಕ್ಕೋರು ನಿಂತೇ ಓದಿದರು.

“ಜಲ್ದಿ ಸಹಿ ಮಾಡ್ರಿ ಅಕ್ಕೋರ, ಟಪಾಲು ಹೊಂಟೈತಿ,” ಅಂದರು ಹೆಡ್‌ಮಾಸ್ತರರು.

“ತಡೀರಿ. ಮೊದಲನೇ ವಾಕ್ಯದಾಗ ಕೊರತಿ ತಾನ ಹುಟ್ಟೇತಿ. ಅಡಿಗಿ ತಾನ ಪಡಸಾಲಿಗೆ ಬಂದೈತಿ. ಮಣಿ ಎಲ್ಲಾ ಖಾಲಿ, ಒಬ್ಬರೂ ಇಲ್ಲ. ಎರಡನೇದರಾಗ ನೋಡ್ರಿ, ಒಮ್ಮಿಂದೊಮ್ಮೆ ಒಬ್ಬಾಕಿ ಬಂದ್ಲು. ಉರುಳಿಸಿದಾಕಿ ಆಕಿ, ಸುಟ್ಟಕೊಂಡಾಕಿ ಆಕಿ. ಇಡೀ ಕಾಗದದಾಗ ಕೆಲಸ ಮಾಡಾಕ ಆಕಿ ಒಬ್ಬಾಕಿನ ಸಿಕ್ಕಳೇನ್ರಿ?”

“ಎಲ್ಲಾದ್ರಾಗೂ ವ್ಯಾಕರಣ ತರಬ್ಯಾಡ್ರಿ.”

“ಇದು ವ್ಯಾಕರಣ ಅಲ್ರೀ ಸರ್. ಆಕಿ ಕಾಲು.”

ಜಂಪರಿಗೆ ಸಿಕ್ಕಿಸಿದ್ದ ಕೆಂಪು ಪೆನ್ನು ತೆಗೆದು, ಮಕ್ಕಳ ಉತ್ತರಪತ್ರಿಕೆಗೆ ಎಳೆದ ಹಾಗೆ ನನ್ನ ನುಣುಪಿನ ಮೇಲೆ ಅಡ್ಡಗೆರೆ ಎಳೆದರು. ಕೆಳಗೆ ಬರೆದರು: “ಅಧ್ಯಕ್ಷರು ತಮ್ಮ ಉಳ್ಳಾಗಡ್ಡಿ ಚೀಲಗಳನ್ನು ಅಡುಗೆ ಕೋಣೆಯಲ್ಲಿ ಇಡಿಸಿದರು. ಹೆಡ್‌ಮಾಸ್ತರರು ಪಡಸಾಲೆಯಲ್ಲಿ ಅಡುಗೆ ಮಾಡಿಸಿದರು. ಪಾತ್ರೆ ಉರುಳಿತು. ಫಕೀರವ್ವನ ಪಾದ ಸುಟ್ಟವು.”

ನಾನು ಬಾಯಿ ಹಾಕಿದೆ. “ಅಕ್ಕೋರ, ಪಾತ್ರಿ ಉರುಳಿತು ಅಂತ ನೀವೂ ಬರದ್ರೆಲ್ಲ?”

“ಪಾತ್ರಿ ಖರೇನ ತಾನ ಉರುಳೇತಿ ತಮ್ಮಾ. ಅದನ್ನ ಯಾರೂ ದಬ್ಬಿಲ್ಲ. ಇಲ್ಲದಾಂವನ್ನ ನಾ ಯಾಕ ತಂದು ಕುಂಡ್ರಿಸಲಿ?”

ಆ ಸಿಟ್ಟಿನಲ್ಲಿಯೂ ಅವರು ಪಾತ್ರೆಗೆ ಅನ್ಯಾಯ ಮಾಡಲಿಲ್ಲ. ತಮ್ಮ ನಾಲ್ಕು ವಾಕ್ಯದ ಕೆಳಗೆ ಸಹಿ ಹಾಕಿ ತರಗತಿಗೆ ಹೋದರು.

ಹೆಡ್‌ಮಾಸ್ತರರು ಆ ಹಾಳೆಯನ್ನು ನನ್ನ ಕಡೆ ತಳ್ಳಿ, “ಇದನ್ನ ಹರಿ. ಮೊದಲ ನೀ ಬರದದ್ದು ಶುದ್ಧಪ್ರತಿ ಮಾಡು,” ಅಂದರು. ನಾನು ಹರಿದೆ. ನಾನು ಶುದ್ಧಪ್ರತಿ ಮಾಡಿದೆ. ಬೇರೊಬ್ಬ ಮಾಸ್ತರರನ್ನು ಉಸ್ತುವಾರಿ ಎಂದು ತೋರಿಸಿ ಅವರ ಸಹಿ ಹಾಕಿಸಿದರು. ನಾನೇ ಅಂಟು ಹಚ್ಚಿ ಟಪಾಲಿಗೆ ಹಾಕಿದೆ. ಮನೆಯಲ್ಲಿ ಹೆಂಡತಿ, ಮುಂದೆ ಬಡ್ತಿ, ಹೆಡ್‌ಮಾಸ್ತರರ ಮರ್ಜಿ ಎಂದೆಲ್ಲ ನನ್ನ ಹತ್ತಿರ ಕಾರಣ ಇದ್ದವು. ಕಾರಣಗಳಿಗೇನು, ಅವು ಎಲ್ಲರ ಹತ್ತಿರವೂ ಇರುತ್ತವೆ.

ಅಜಾಗರೂಕತೆ ಎಂಬ ನನ್ನ ಒಂದು ಮಾತು ಹಿಡಿದು ಫಕೀರವ್ವನನ್ನು ಕೆಲಸದಿಂದ ತೆಗೆದರು. ಅವಳು ತವರಿನ ಕಡೆ ಹೋದಳು. ಸುಟ್ಟ ಪಾದದಿಂದ ಹೊಲದ ಕೂಲಿಗೆ ನಿಲ್ಲಲಾಗದೆ, ಯಾರದೋ ಮನೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಾಳೆಂದು ಕೇಳಿದೆ. ಅಕ್ಕೋರು ಮೇಲಿನ ಕಚೇರಿಗೆ ತಾವೇ ಹೋಗಿ ಹೇಳಿದರು. ಅಲ್ಲಿಯವರು ನನ್ನ ಶುದ್ಧಪ್ರತಿ ತೆಗೆದು ತೋರಿಸಿದರು. ತಿರುಗಿ ಬಂದ ಮೇಲೆ ಸಂಸ್ಥೆಯವರು ಅವರ ಕೈಯಿಂದ ಕನ್ನಡದ ತರಗತಿ ಕಸಿದು, ಸಿಂಗಟಾಲೂರು ಕಡೆಯ ಇನ್ನೊಂದು ಶಾಲೆಗೆ ಹಾಕಿದರು. ಬೆಟಗೇರಿಯಿಂದ ಅಲ್ಲಿಗೆ ದಿನಾ ಹೋಗಿ ಬರುವಷ್ಟರಲ್ಲಿ ಅವರ ಮಂಡಿ ಸೋತವು. ಅವಧಿಗೆ ಮೊದಲೇ ಕೆಲಸ ಬಿಟ್ಟರು. ಅವರು ಬಿಟ್ಟುಹೋದ ಮಣೆಗಳಲ್ಲಿ ಎರಡನ್ನು ಹೆಡ್‌ಮಾಸ್ತರರು ತಮ್ಮ ಕೋಣೆಯ ನೀರಿನ ಡ್ರಮ್ಮಿನ ಕೆಳಗೆ ಇಡಿಸಿದರು. ಆ ಡ್ರಮ್ಮಿನ ನೀರನ್ನು ನಾನೂ ಕುಡಿದಿದ್ದೇನೆ.

ಕೆಲಸ ಬಿಟ್ಟ ಮೇಲೆ ಅಕ್ಕೋರು ಬೆಟಗೇರಿಯ ಮನೆಯ ಮೆಟ್ಟಿಲ ಮೇಲೆ ಕುಳಿತು, ಕೇಳಿ ಬಂದವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದರಂತೆ. ನೇಕಾರರ ಹೆಣ್ಣುಮಕ್ಕಳು ಬಂದು, “ನಮ್ಮನಿ ಗ್ವಾಡಿ ಬಿತ್ರಿ, ಬರಕೊಡ್ರಿ,” ಅಂದರೆ, “ಬಿತ್ತೋ, ಕೆಡವಿದ್ರೋ?” ಎಂದು ಕೇಳಿಯೇ ಪೆನ್ನು ತೆರೆಯುತ್ತಿದ್ದರಂತೆ. ನಾನು ಆ ಓಣಿಯ ಕಡೆ ಹಾಯಲಿಲ್ಲ. ಆದರೂ ಒಮ್ಮೆ ಗದಗಿನ ಸಂತೆಯಲ್ಲಿ ಎದುರಾಬದುರು ಸಿಕ್ಕುಬಿಟ್ಟೆ. ಅವರ ಕೈಯಲ್ಲಿ ಕಾಯಿಪಲ್ಲೆಯ ಚೀಲ. ಮಕ್ಕಳೆಷ್ಟು, ಅರಾಮ ಇದ್ದೀಯೇನು ಎಂದೆಲ್ಲ ಕೇಳಿದರು. ಹೊರಡುವಾಗ ತಿರುಗಿ ನಿಂತು, “ಇನ್ನೂ ಅಷ್ಟ ಚಂದ ಬರೀತೀಯೇನಪಾ ತಮ್ಮಾ?” ಅಂದರು. ಕುಹಕವಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಹೋದ ತಿಂಗಳ ಸಭೆಯಲ್ಲಿ, ಹೆಡ್‌ಮಾಸ್ತರರ ‘ಆಗಿಹೋಯಿತು’ ಕೇಳಿ ಉರಿದು ಹೊರಗೆ ಹೋಗಲು ಎದ್ದೆ. ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ನೆಲದ ಮೇಲೆ ಫಕೀರವ್ವ ಕುಳಿತಿದ್ದಳು. ಕಾಲು ಸೀರೆಯೊಳಗೆ ಎಳೆದುಕೊಂಡಿದ್ದಳು. ನಾನು ಕುಕ್ಕರಗಾಲಲ್ಲಿ ಕುಳಿತು, ಅವಳಿಗಷ್ಟೇ ಕೇಳುವಂತೆ ಹೇಳಿದೆ, “ಆ ವರದಿ ನಾ ಬರದೆ, ಫಕೀರವ್ವ.”

“ಗೊತ್ತೈತ್ರಿ ಅಣ್ಣಾರ. ಅಕ್ಕೋರು ಹೇಳಿದ್ರು. ಒಂದಿನ ತಾನ ಬಂದು ಹೇಳ್ತಾನ ಬಿಡ ಅಂದಿದ್ರು. ಹನ್ನೊಂದು ವರ್ಷ ಆತು.”

“ತಪ್ಪಾತು.”

“ತಪ್ಪು ತಾನ ಆತೇನ್ರಿ?” ಅವಳು ನನ್ನನ್ನು ನೋಡದೆ ವೇದಿಕೆಯ ಕಡೆ ಗದ್ದ ಎತ್ತಿದಳು. “ನನ್ನ ಕಿವ್ಯಾಗ ಯಾಕ ಹೇಳ್ತೀರಿ? ನನ್ನ ಕಾಲು ನನಗ ಗೊತ್ತು. ಮೈಕ್ ಅಲ್ಲೈತಿ ನೋಡ್ರಿ.”

ಹೋದೆ. ಸಭೆ ನಡೆಸುತ್ತಿದ್ದ ಹುಡುಗಿ ನನ್ನ ಮುಖ ನೋಡಿ, ಕೇಳದೆ, ಮೈಕ್ ಕೈಗೆ ಕೊಟ್ಟಳು. ಹೇಳಿದೆ: “ಇಲ್ಲಿ ನೋವುಗಳು ಆಗಲಿಲ್ಲ. ನಾನು ಸುಳ್ಳು ವರದಿ ಬರೆದೆ. ಹೆಡ್‌ಮಾಸ್ತರರು ಬರೆಸಿದರು. ನಾವು ಫಕೀರವ್ವನ ಕೆಲಸ ಕಸಿದೆವು. ಅದನ್ನು ಬೇಡವೆಂದ ಅಕ್ಕೋರನ್ನು ಶಾಲೆಯಿಂದ ಓಡಿಸಿದೆವು.” ಅಷ್ಟರಲ್ಲಿ ನನ್ನ ದನಿ ಗೋಡೆಯ ಸ್ಪೀಕರುಗಳಿಂದ ಕಾಣೆಯಾಯಿತು. ಕರೆಂಟು ಹೋಯಿತೆಂದು ಆಮೇಲೆ ಹೇಳಿದರು. ತಲೆಯ ಮೇಲೆ ಫ್ಯಾನುಗಳು ತಿರುಗುತ್ತಿದ್ದವು. ಹೆಡ್‌ಮಾಸ್ತರರು ಕಣ್ಣುಸನ್ನೆ ಮಾಡಿದರು, ಸಂಸ್ಥೆಯ ಒಬ್ಬ ಮನುಷ್ಯ ಮೈಕಿನ ವೈರು ಕಿತ್ತ. ನಾನು ಕಂಡೆ.

ಹೇಳುವುದು ಮುಗಿಯಿತೆಂದು ಮೆಟ್ಟಿಲು ಇಳಿಯಲು ಕಾಲೆತ್ತಿದೆ. ಚಪ್ಪಲಿಗಳ ಕಡೆಯಿಂದ, ಹಿಂದೆ ಪಡಸಾಲೆಯಿಂದ ಬರುತ್ತಿದ್ದ ಅದೇ ದನಿ ಬಂತು.

“ಅಣ್ಣಾರ, ಹಿಂದಿನ ಮಣಿ ಖಾಲಿ ಉಳೀತಲ್ರಿ!”

ತಿರುಗಿದೆ. ಅಧ್ಯಕ್ಷರು ಫೋಟೋದ ಹೂವನ್ನು ನೋಡುತ್ತ ಕುಳಿತಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅಕ್ಕೋರ ಹೆಸರಿಲ್ಲದ ಕಾಗದದ ಮೇಲೆ ಅಧ್ಯಕ್ಷರ ಹೆಸರು ಬರುವುದು ನನಗೆ ಬೇಡ. ಅಲ್ಲಿ ಮಾತ್ರ, ಮೈಕಿಲ್ಲದೆ, ಅವರ ಪೂರ್ತಿ ಹೆಸರು ಹಿಡಿದು, ಉಳ್ಳಾಗಡ್ಡಿ ಚೀಲ ಯಾರವು, ಯಾರು ಇಡಿಸಿದರು ಎಂದು ಗಂಟಲು ಹರಿಯುವಂತೆ ಹೇಳಿದೆ. ಎಲ್ಲರೂ ಕೇಳಿದರು.